ಕೊಂಡಮ್ಮನ ರಾಕೆಟ್

ಹೊರಗೆ ಚಟ್ಟ ಕಟ್ಟುತ್ತಿದ್ದರು, ಒಳಗೆ ನರಸಿಂಹಮೂರ್ತಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿತ್ತು. ಆಗಿನ ಅದರ ಹಸಿವಿಗೆ ಮದುವೆ ಮನೆಯೂ ಒಂದೇ, ಸಾವಿನ ಮನೆಯೂ ಒಂದೇ. ಮೂವತ್ತೈದು ವರ್ಷ ಈ ಕೆಲಸ ಮಾಡಿದ್ದು ಅವನ ಅಕ್ಕ ಕೊಂಡಮ್ಮ. ಕಡೆಯ ಎಂಟು ತಿಂಗಳು ಮಾತ್ರ ಅವಳು ಹುಳುಮನೆಯ ಹೊಸಲು ತುಳಿದಿರಲಿಲ್ಲ. ನಿನ್ನೆ ಮಧ್ಯಾಹ್ನ ಹಿಪ್ಪುನೇರಳೆ ತೋಟದಲ್ಲಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

"ಬಾರೋ ಮೂರ್ತಿ, ನೀರು ಹಾಕ್ಬೇಕು," ಎಂದು ಆವುಲಪ್ಪ ಬಾಗಿಲಾಚೆಯಿಂದಲೇ ಕರೆದ. ಊರಲ್ಲಿ ಯಾರು ಹೋದರೂ ಮುಂದೆ ನಿಂತು ಶಾಸ್ತ್ರ ನಡೆಸುವ ಮುದುಕ ಅವನು.

ಅಂಗಳದಲ್ಲಿ ಮೂರ್ತಿಯ ಹೆಂಡತಿ ಅಶ್ವತ್ಥಮ್ಮ ಹೆಣದ ಕೈ ತೊಳೆಯುತ್ತಿದ್ದಳು. ಬೆರಳ ಸಂದಿಯಲ್ಲೆಲ್ಲ ಚರ್ಮ ಬಿಳಿಚಿ ಸುಲಿದಿತ್ತು.

"ಅಯ್ಯೋ ದೇವುಡಾ, ಏನಮ್ಮಾ ಈ ಕೈ? ಸುಣ್ಣದಲ್ಲಿ ಅದ್ದಿದಂಗೈತೆ," ಎಂದಳು ಪಕ್ಕದ ಮನೆಯ ಮುನಿಶಾಮಮ್ಮ.

"ಬ್ಲೀಚಿಂಗ್ ಪೌಡರು. ದಿನಕ್ಕೆ ಹತ್ತು ಸಲ ತೊಳ್ಕೊಳ್ಳೋರು. ಸಾಕು ಬಿಡಿ ಅಂದ್ರೆ ಕೇಳ್ತಾನೇ ಇರ್ಲಿಲ್ಲ."

"ಇನ್ನೇನ್ ಮಾಡ್ತಾಳೆ ಪಾಪ. ನಾಯಿಗೆ ಮದ್ದು ಹಚ್ಚಿದ ಕೈಯಾಗೆ ಸೊಪ್ಪು ಮುಟ್ಟಿ ಒಂದು ಬೆಳೆ ಹುಳಾನೇ ಕೊಂದ್ಲಲ್ಲ. ಬೇಕೂಂತ ಮಾಡಿದ್ಳಾ? ಗಾಚಾರ."

ಮೂರ್ತಿ ತಂಬಿಗೆ ಹಿಡಿದು ನಿಂತಿದ್ದ. ಬಾಯಿ ತೆರೆದ. ಈಗ ಹೇಳಬಹುದಿತ್ತು. ಎಂಟು ತಿಂಗಳಿಂದ ದಿನವೂ ಹೇಳಬಹುದಿತ್ತು.

"ಯೋಚ್ನೆ ಸಾಕು, ಹಾಕಪ್ಪ," ಎಂದ ಆವುಲಪ್ಪ. ಮೂರ್ತಿ ನೀರು ಹಾಕಿದ.

*

ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದವಳು ಕೊಂಡಮ್ಮ. ಬಂದವಳು ಇದು ನಂದು ಅಂತ ಒಂದು ಲೋಟವನ್ನೂ ಎತ್ತಿಟ್ಟುಕೊಂಡವಳಲ್ಲ. ಅಂಥವಳು ನಾಲ್ಕು ವರ್ಷದ ಹಿಂದೆ ಪೆರೇಸಂದ್ರದ ಢಾಬಾದ ಹತ್ತಿರ ಬಸ್ಸಿಳಿದು, ಸೆರಗಿನಲ್ಲಿ ಒಂದು ನಾಯಿಮರಿ ಸುತ್ತಿಕೊಂಡು ಬಂದಳು. ತಾಯಿ ಬೀದಿನಾಯಿ, ಅಪ್ಪ ಢಾಬಾ ಯಜಮಾನನ ಲ್ಯಾಬ್ರಡಾರ್. ಅಪ್ಪನ ಮೈ, ಅಮ್ಮನ ಕಾಲು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು.

"ಇದು ನಂದು," ಎಂದಳು. ಮನೆಯವರು ಮುಖ ಮುಖ ನೋಡಿಕೊಂಡರು.

ಸುಮ್ಮನೆ ಕೂರುವ ಪ್ರಾಣಿಯೇ ಅಲ್ಲ ಅದು. ಚಪ್ಪಲಿ ಕಡಿಯಿತು, ಕಾಂಪೌಂಡು ಹಾರಿತು, ಹಾಲಿನವನ ಟಿವಿಎಸ್ ಬೆನ್ನಟ್ಟಿತು, ಒಣಹಾಕಿದ ಸೀರೆ ಎಳೆದುಕೊಂಡು ತೋಟವೆಲ್ಲ ಸುತ್ತಿತು. ಮೂರ್ತಿಯ ಮಗಳು ಶಿರೀಷಾ ಅದಕ್ಕೆ ರಾಕೆಟ್ ಎಂದು ಹೆಸರಿಟ್ಟಳು. "ಓಡಿಸಿ ಸುಸ್ತು ಮಾಡ್ಸು ಅತ್ತೆ, ಇಲ್ದಿದ್ರೆ ಮನೇನೇ ಕಿತ್ತಾಕ್ತಾನೆ," ಎಂದು ಅವಳು ಅಂದದ್ದೇ ತಡ, ಕೊಂಡಮ್ಮ ಅವಳ ಹಳೇ ಸ್ಕೂಲ್ ಶೂಸು ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ಕೆರೆ ಏರಿಗೆ ಹೊರಟಳು. ಅರವತ್ತರ ಹೆಂಗಸು, ಸೀರೆ ಎತ್ತಿ ಕಟ್ಟಿ, ಬಿಳಿ ಶೂಸಿನಲ್ಲಿ! ನಾಯಿ ಎಳೆಯುತ್ತಿತ್ತು, ಇವಳು ಬೈಯುತ್ತ ಓಡುತ್ತಿದ್ದಳು. ಊರು ನಕ್ಕಿತು, ಅವಳೂ ನಕ್ಕಳು. ಅಕ್ಕನಿಗೆ ಹಾಗೆ ನಗಲು ಬರುತ್ತದೆಂದು ಮೂರ್ತಿಗೆ ಗೊತ್ತಾದದ್ದೇ ಆಗ. ಎರಡು ಸುತ್ತು ಹಾಕಿಸಿದರೆ ರಾಕೆಟ್ ಹುಳುಮನೆಯ ಬಾಗಿಲಾಚೆ ನಾಲಿಗೆ ಚಾಚಿ ಬಿದ್ದುಕೊಳ್ಳುತ್ತಿತ್ತು. ಒಳಗೆ ಬರಬಾರದೆಂದು ಅದಕ್ಕೆ ಕಲಿಸಿದ್ದಳು.

*

ಕಳೆದ ಬೇಸಿಗೆಯಲ್ಲಿ ನಾಯಿಗೆ ಉಣ್ಣೆ ಹತ್ತಿತು. ಕೊಂಡಮ್ಮ ಮದ್ದಿನ ಪುಡಿ ತಂದು ಹಚ್ಚಿದಳು. ಮರುದಿನವೇ ಹುಳುಗಳು ತಲೆ ಒಲೆದಾಡುತ್ತ ಹಸಿರು ಕಕ್ಕತೊಡಗಿದವು. ಹಣ್ಣಾಗಿ ಗೂಡು ಕಟ್ಟಲು ಎರಡೇ ದಿನ ಇತ್ತು. ಸಂಜೆಯೊಳಗೆ ಅಂಕಣ ಅಂಕಣದ ಹುಳುವೆಲ್ಲ ಸತ್ತು ಕಪ್ಪಾಯಿತು.

"ಕೈ ತೊಳ್ದಿದ್ದೆ ಕಣೋ. ಎರಡು ಸಲ ತೊಳ್ದಿದ್ದೆ," ಎಂದಳು ಕೊಂಡಮ್ಮ.

"ತೊಳೆದ್ರೆ ವಿಷ ಹೋಗ್ತದಾ? ನಾಯಿ ನಾಯಿ ಅಂತ ಮನೆ ಹಾಳು ಮಾಡ್ದಲ್ಲ! ನೀನಿನ್ನು ಹುಳುಮನೆಗೆ ಕಾಲಿಡ್ಬೇಡ!" ಎಂದು ಊರಿಗೇ ಕೇಳುವಂತೆ ಕೂಗಾಡಿದ ಮೂರ್ತಿ, ರಾಕೆಟ್ಟನ್ನು ಟೆಂಪೋಗೆ ಹತ್ತಿಸಿ ಪೆರೇಸಂದ್ರದ ಹೈವೇಯಲ್ಲಿ ಬಿಟ್ಟುಬಂದ. ಎಲ್ಲೋ ಸುತ್ತಾಡಿಸಲು ಕರೆದೊಯ್ಯುತ್ತಿದ್ದಾನೆಂದು ಅದು ಖುಷಿಯಿಂದಲೇ ಹತ್ತಿತ್ತು.

ಮೂರನೇ ದಿನ ಟೊಮ್ಯಾಟೊ ತೋಟಕ್ಕೆ ಔಷಧಿ ಹೊಡೆಯಲು ಪಂಪು ಎತ್ತಿಕೊಂಡ. ಮುಚ್ಚಳ ತೆಗೆದ ಕೂಡಲೇ ಹಳೇ ಔಷಧಿಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಹುಳು ಸಾಯುವ ಹಿಂದಿನ ದಿನ ಬಿಸಿಲಿಗೆ ಸೊಪ್ಪು ಬಾಡುತ್ತಿದೆಯೆಂದು ಇದೇ ಪಂಪಿಗೆ ನೀರು ತುಂಬಿ ಸೊಪ್ಪಿನ ರಾಶಿಗೆ ಹೊಡೆದಿದ್ದ. ಅದಕ್ಕೆ ಮುಂಚೆ ತೊಳೆದದ್ದು ಒಂದೇ ಒಂದು ಸಲ, ಅದೂ ಅವಸರದಲ್ಲಿ. ಪಂಪನ್ನು ಅಲ್ಲೇ ಕೆಳಗಿಟ್ಟ.

ಅಂದೇ ಪೆರೇಸಂದ್ರಕ್ಕೆ ಓಡಿದ. ಢಾಬಾ, ಪಂಕ್ಚರ್ ಅಂಗಡಿ, ಬಸ್‌ಸ್ಟ್ಯಾಂಡು ಎಲ್ಲ ಹುಡುಕಿದ. ನಾಯಿ ಸಿಗಲಿಲ್ಲ. ನಾಯಿಯನ್ನು ತಂದು ಅಕ್ಕನ ಮುಂದೆ ನಿಲ್ಲಿಸಿ ನಿಜ ಹೇಳೋಣ ಎಂದುಕೊಂಡಿದ್ದ. ಬರಿಗೈಲಿ ಹೇಳಲು ಧೈರ್ಯ ಬರಲಿಲ್ಲ.

"ಯಾರೋ ಒಳ್ಳೇವ್ರು ಸಾಕ್ಕೊಂಡವ್ರಂತೆ," ಎಂದ ಮನೆಗೆ ಬಂದು.

"ಓಡಿಸ್ತಾರಂತಾ ಬೆಳಿಗ್ಗೆ?" ಎಂದು ಕೇಳಿದಳು ಕೊಂಡಮ್ಮ.

"ಹ್ಞೂಂ."

"ಸದ್ಯ. ನನ್ ಪಾಪದ ಕೈಯಿಂದ ದೂರ ಐತೆ ಬಿಡು."

*

ಊರಿಗೂ ಮಣ್ಣು ಮಾಡುವ ಗುಂಡಿಗೂ ನಡುವೆ, ಬೇವಿನ ಮರದ ಕೆಳಗೆ ಚಟ್ಟ ಇಳಿಸಿದರು. ಹೆಂಗಸರು ಬರುವುದು ಅಲ್ಲಿಯವರೆಗೆ ಮಾತ್ರ. ಅಲ್ಲಿ ಒಡಹುಟ್ಟಿದವರೋ ಮಕ್ಕಳೋ ಸತ್ತವರ ಕಿವಿಯಲ್ಲಿ ಮೂರು ಸಲ ಕೂಗಬೇಕು. ಉಸಿರೇನಾದರೂ ಉಳಿದಿದ್ದರೆ ಎದ್ದಾರು ಎಂಬ ಆಸೆಯ ಶಾಸ್ತ್ರ. ತಮಟೆ ನಿಂತಿತು.

"ಕೂಗಪ್ಪ," ಎಂದ ಆವುಲಪ್ಪ.

ಮೂರ್ತಿ ಮಂಡಿಯೂರಿದ. "ಅಕ್ಕಾ..." ಎಂದ ಪಿಸುದನಿಯಲ್ಲಿ.

"ಏನ್ ಕೂಗೋ ಅದು? ನಂಗೇ ಕೇಳಿಸ್ಲಿಲ್ಲ. ಜೋರಾಗಿ ಕೂಗು, ಅವಳಿಗೆ ಕೇಳ್ಬೇಕು."

"ಅಕ್ಕಾ! ನಿನ್ ಕೈ ಅಲ್ಲ ಕಣಕ್ಕಾ! ನನ್ ಪಂಪು! ಟೊಮ್ಯಾಟೊ ಪಂಪಾಗೆ ನಾನೇ ನೀರು ಹೊಡ್ದಿದ್ದೆ. ಹುಳ ಕೊಂದಿದ್ದು ನಾನು. ಗೊತ್ತಿದ್ದೂ ಹೇಳ್ಲಿಲ್ಲ. ನಿನ್ ನಾಯೀನ ಯಾರೂ ಸಾಕ್ಕೊಂಡಿಲ್ಲ. ಎಲ್ಲೈತೋ ನಂಗೊತ್ತಿಲ್ಲಕ್ಕಾ!"

ಮುನಿಶಾಮಮ್ಮ ತಲೆ ತಗ್ಗಿಸಿದಳು. "ಎಂಟು ತಿಂಗ್ಳು... ಪಕ್ದಲ್ಲೇ ಕೂತು ಉಂಡ್ರಲ್ರೀ," ಎಂದಳು ಅಶ್ವತ್ಥಮ್ಮ. ಹೇಳಿದವಳು ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಆವುಲಪ್ಪ ಮೆಲ್ಲಗೆ ಮೂರ್ತಿಯ ಹೆಗಲು ಮುಟ್ಟಿದ. "ಇನ್ನೊಂದು ಸಲ ಐತೆ ಕಣಪ್ಪ. ಕೂಗ್ಬಿಡು, ಹೊತ್ತಾಯ್ತು."

ಮೂರ್ತಿ ಅಕ್ಕನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಕಿವಿಯ ಹತ್ತಿರ ಬಗ್ಗಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, "ರಾಕೆಟ್! ರಾಕೆಟ್ ಬಂದ ಕಣಕ್ಕಾ, ಏಳು!" ಎಂದು ಕೂಗಿದ.

ನೆರೆದವರೆಲ್ಲ ತಟ್ಟನೆ ಊರಿನ ದಾರಿಯ ಕಡೆಗೆ ತಿರುಗಿದರು. ಮೂರ್ತಿ ಮಾತ್ರ ತಿರುಗಲಿಲ್ಲ. ಅವಳ ಮುಚ್ಚಿದ ರೆಪ್ಪೆಗಳನ್ನು ನೋಡುತ್ತ ಕಾಯುತ್ತಿದ್ದ.