ಶುಕ್ರವಾರ ಸೋರುವ ಕಾರು

ಹಾಲೇಶನ ಬಲಗೈ ಮಣಿಕಟ್ಟು ಮುರಿದು ಕೂಡಿಕೊಂಡ ಮೇಲೆ ಅವನು ಬಿಚ್ಚಿ ಜೋಡಿಸಿದ ಮೊದಲ ಎಂಜಿನ್ ಎಂದರೆ ದುರ್ಗಿಗುಡಿಯ ಶಿವರಾಮ ಮೇಷ್ಟ್ರ ಹಳೇ ವಿಲಾಯತಿ ಕಾರಿನದು. ಈಗ ಆ ಕಾರು ನೀರು ಕುಡಿಯುತ್ತಿತ್ತು. ವಾರಕ್ಕೊಮ್ಮೆ ರೇಡಿಯೇಟರ್ ಅರ್ಧ ಖಾಲಿ. ನೆಲದ ಮೇಲೆ ನೋಡಿದರೆ ಒಂದು ಹನಿಯೂ ಇಲ್ಲ.

"ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಎಂಜಿನ್ ಒಳಗೇ ಸೋರಿ ಆವಿಯಾಗ್ತಿದೆ, ಕೂರಿಸಿದ್ದೇ ಸರಿಯಿಲ್ಲ" ಎಂದು ಮಾಚೇನಹಳ್ಳಿಯ ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ತೀರ್ಪು ಕೊಟ್ಟಾಗಿತ್ತು. ಯಾರೂ ಕೇಳದೆ ತೀರ್ಪು ಕೊಡುವುದರಲ್ಲಿ ಮೆಕ್ಯಾನಿಕ್‌ಗಳನ್ನು ಮೀರಿಸುವವರು ಯಾರಿದ್ದಾರೆ! ಹಾಲೇಶ ಮನೆಯಲ್ಲಿ ಹೆಂಡತಿ ಪೂಜಿತಾಗೆ ಮಾತ್ರ ಹೇಳಿದ: "ಇದು ನನ್ ಕೈಯಿಂದಾನೇ ಕೆಟ್ಟಿದ್ರೆ ಇನ್ನು ಸ್ಪ್ಯಾನರ್ ಮುಟ್ಟಲ್ಲ ಕಣೇ. ಟೈರಿನೋರು ಗ್ಯಾರೇಜು ಬಾಡಿಗೆಗೆ ಕೇಳ್ತಿದಾರಲ್ಲ, ಹೂಂ ಅಂದ್ಬಿಡು."

ಶನಿವಾರ ಬೆಳಿಗ್ಗೆ ಮೇಷ್ಟ್ರು, ಅವರ ಹೆಂಡತಿ ವೇದಾವತಮ್ಮ ಇಬ್ಬರೂ ಕಾರಿನಲ್ಲಿ ಬಂದಿಳಿದರು.

"ನಿನ್ನೆ ಭದ್ರಾವತಿಗೆ ಹೋಗಿಬಂದ್ವಿ ಹಾಲೇಶ. ಮತ್ತೆ ಎರಡು ಲೀಟರ್ ನೀರು ಹಾಕ್ದೆ. ಗುರುವಾರದ ತನಕ ಒಂದು ಲೋಟಾನೂ ಇಳಿದಿರಲಿಲ್ಲ ನೋಡು" ಎಂದರು ಮೇಷ್ಟ್ರು.

ಹಾಲೇಶ ತಲೆಯೆತ್ತಿದ. ಕೆಟ್ಟ ಗ್ಯಾಸ್ಕೆಟ್ಟಿಗೆ ವಾರ, ತಿಥಿ ಎಲ್ಲಿಂದ ಬರಬೇಕು?

"ಶುಕ್ರವಾರ ಏನ್ ವಿಶೇಷ ಸಾರ್?"

"ವಿಶೇಷ ಏನಪ್ಪ, ಎಂಜಿನ್ ಹೊಸದಾದಾಗಿಂದ ಇವಳು ಶುಕ್ರವಾರ ಗಾಡಿಗೆ ಪೂಜೆ ಮಾಡ್ತಾಳೆ, ಅಷ್ಟೇ."

"ಒಳಗೆ ಕೂತ್ರೆ ಬೆಂದುಹೋಗೋಷ್ಟು ಸೆಖೆ" ಎಂದು ವೇದಾವತಮ್ಮ ಸೇರಿಸಿದರು. "ಬೇಸಿಗೆ ಅಲ್ವಾ ಅಂತ ಸುಮ್ಮನಾದೆ."

ಹಾಲೇಶ ಬಾಗಿಲು ತೆಗೆದು ನೋಡಿದ. ಡ್ಯಾಶ್‌ಬೋರ್ಡಿನ ನಡುವೆ ಹೀಟರಿನ ಪುಟ್ಟ ಹಿಡಿ. ಅದಕ್ಕೆ ಎರಡು ಮೊಳ ಸೇವಂತಿಗೆ ಹಾರ ನೇತಾಡುತ್ತಿತ್ತು. ಅದರ ಭಾರಕ್ಕೆ ಹಿಡಿ ಪೂರ್ತಿ ಕೆಳಗೆ, ಬಿಸಿಯ ಕಡೆಗೆ ಜಗ್ಗಿತ್ತು. ಶಿವಮೊಗ್ಗದಲ್ಲಿ ಕಾರಿಗೆ ಹೀಟರ್ ಯಾರು ಹಾಕುತ್ತಾರೆ ಸ್ವಾಮಿ! ಅದೊಂದು ಇದೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಹಾಲೇಶನೂ ಮರೆತಿದ್ದ.

ಎಂಜಿನ್ ಚಾಲೂ ಮಾಡಿಸಿ ಬಾನೆಟ್ ಎತ್ತಿದ. ಹಿಡಿ ಕೆಳಗಿಳಿದರೆ ಎಂಜಿನ್ ಗಾಳಿ ಹೀರುವ ಸೆಳೆತ, ಅಂದರೆ ವ್ಯಾಕ್ಯೂಮ್, ಒಂದು ಸಣ್ಣ ಕೊಳವೆಯ ಮೂಲಕ ಎಳೆದು ವಾಲ್ವನ್ನು ತೆರೆಯುತ್ತದೆ. ಆಗ ಬಿಸಿನೀರು ಹೀಟರಿಗೆ ಹರಿಯುತ್ತದೆ. ಆ ವಾಲ್ವು ಎಂಜಿನ್ನಿನ ಹಿಂದಿನ ಸಂದಿಯಲ್ಲಿತ್ತು. ಟಾರ್ಚ್ ಬೆಳಕು ಬಿಟ್ಟು ನೋಡಿದರೆ, ವಾಲ್ವಿನ ಸೊಂಟದಿಂದ ನೀರು ಜಿನುಗಿ ಕೆಳಗಿನ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಚುಯ್ಯೆಂದು ಆವಿಯಾಗುತ್ತಿತ್ತು. ಹಾರ ತೆಗೆಸಿ ಹಿಡಿ ಮೇಲೆತ್ತಿಸಿದ. ಸೋರುವುದು ನಿಂತಿತು.

"ಹೆಡ್ ಅಲ್ಲ ಸಾರ್" ಎಂದ. "ಹೆಡ್ ಅಲ್ವೇ ಅಲ್ಲ!"

"ಅಯ್ಯೋ ಶಿವನೇ, ಪ್ರತಿ ಶನಿವಾರ ಬಾಡಿದ ಹಾರ ತೆಗೆದು ಆ ಹಿಡೀನ ಮೇಲಕ್ಕೆ ತಳ್ತಿದ್ದೆ. ನನ್ನ ಹಾರದಿಂದ ಇಷ್ಟೆಲ್ಲ ಆಯ್ತಾ?" ಎಂದರು ವೇದಾವತಮ್ಮ.

"ನಿಮ್ಮ ಹಾರ ಇಲ್ದಿದ್ರೆ ಈ ವಾಲ್ವು ಕೆಟ್ಟಿರೋದು ಗೊತ್ತೇ ಆಗ್ತಿರಲಿಲ್ಲ ತಾಯಿ."

"ಹೀಟರ್ ನಮಗ್ಯಾಕೆ ಮಾರಾಯ, ಅದಕ್ಕೆ ನೀರು ಹೋಗೋ ಬರೋ ಎರಡೂ ಪೈಪ್ ಸೇರಿಸಿ ಕಟ್ಟಿಬಿಡು" ಎಂದರು ಮೇಷ್ಟ್ರು. ಮಳೆಗಾಲದಲ್ಲಿ ಘಾಟಿ ಹತ್ತುವಾಗ ಗಾಜಿನ ಮಂಜು ಬಿಡಿಸಲು ಬೇಕಾಗುತ್ತದೆ ಎಂದು ಹಾಲೇಶ ಹಟ ಹಿಡಿದ. ನಿಜ ಹೇಳಬೇಕೆಂದರೆ, ಈ ಗಾಡಿಯಲ್ಲಿ ಒಂದು ಕೆಲಸವನ್ನೂ ಅರ್ಧಕ್ಕೆ ಬಿಡಲು ಅವನಿಗೆ ಮನಸ್ಸಿರಲಿಲ್ಲ.

ಭದ್ರಾವತಿಯಲ್ಲಿ ಹಳೇ ಬಿಡಿಭಾಗ ಮಾರುವ ಬಂಗಾರಪ್ಪನ ಬಳಿ ಅದೇ ಅಳತೆಯ ವಾಲ್ವು ಸಿಕ್ಕಿತು. ಕೆಲಸ ಮಾಡುತ್ತದೋ ನೋಡಲು ಹಾಲೇಶ ಅಲ್ಲೇ ಅದರ ಸಣ್ಣ ಕೊಳವೆಯ ಮೂತಿಗೆ ಬಾಯಿಟ್ಟು ಗಾಳಿ ಹೀರಿದ. ವಾಲ್ವು ಟಕ್ಕೆಂದು ತೆರೆಯಿತು.

"ಎಳನೀರಾ ಅದು? ಸಾಕು ಬಿಡೋ!" ಎಂದು ಬಂಗಾರಪ್ಪ ನಕ್ಕ.

ಮಧ್ಯಾಹ್ನ ನೀರು ಇಳಿಸಿ, ಹಳೆಯದನ್ನು ಕಿತ್ತು, ನೀರು ಹರಿಯುವ ದಿಕ್ಕು ನೋಡಿ ಹೊಸದನ್ನು ಕೂರಿಸಿದ. ಆ ಸಂದಿಯಲ್ಲಿ ಕ್ಲಿಪ್ ಬಿಗಿಮಾಡುವಾಗ ಮಣಿಕಟ್ಟು ಚುರ್ರೆಂದಿತು. ಆದರೆ ಹಿಡಿತ ಜಾರಲಿಲ್ಲ. ಆಮೇಲೆ ಹೀಟರ್ ಪೂರ್ತಿ ಹಾಕಿಕೊಂಡು ಮೂವರೂ ಭದ್ರಾವತಿಯ ತನಕ ಹೋಗಿ ಬಂದರು. ಮೇಷ್ಟ್ರ ಅಂಗಿ ಹಿಂಡುವ ಹಾಗಾಯಿತು, ವೇದಾವತಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಗಾಳಿ ಬೀಸಿಕೊಂಡರು. ಎಂಜಿನ್ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದರೆ ನೀರು ಕಂಠಮಟ್ಟ ಇತ್ತು.

ಅವರನ್ನು ಕಳಿಸಿದವನೇ ಹಾಲೇಶ ಪೂಜಿತಾಗೆ ಫೋನ್ ಮಾಡಿದ.

"ಕೈ ಸರಿಯಿದೆ ಕಣೇ! ಎಂಜಿನ್ ಗುಂಡುಕಲ್ಲಿನ ಹಾಗಿದೆ. ಆ ಟೈರಿನೋರಿಗೆ ಇಲ್ಲ ಅಂತ ಹೇಳ್ಬಿಡು."

"ಅವ್ರಿಗೆ ಹೋದ ವಾರಾನೇ ಇಲ್ಲ ಅಂದೆ ರೀ."

"ಹೋದ ವಾರಾನಾ? ಆಗಿನ್ನೂ ಕೈ ಸರಿಯಿದೆ ಅಂತ ಯಾರಿಗೂ ಗೊತ್ತಿರಲಿಲ್ಲವಲ್ಲೇ!"

"ನಿಮಗೆ ಗೊತ್ತಿರಲಿಲ್ಲ" ಎಂದಳು ಪೂಜಿತಾ. "ಬೇಗ ಬನ್ನಿ, ಊಟ ಆರ್ತಿದೆ."