ಬಲಗಿವಿಗೆ ಬಾರದ ಗಿಟಾರ್

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಏನನ್ನೂ ಕೊಡಲಿಲ್ಲ. ಹಗಲೂ ಇರುಳೂ ತೆರೆದೇ ಇರುವ ಬಾಗಿಲು ಅದು. ಬಾಂಗು ಬಂದರೂ ಒಳಕ್ಕೆ, ಬೈಗುಳ ಬಂದರೂ ಒಳಕ್ಕೆ. ಚನ್ನಪಟ್ಟಣದ ಆ ಗಲ್ಲಿಯಲ್ಲಿ ಬೆಳಗಿನ ನಮಾಜಿನ ನಂತರ ಬೊಂಬೆ ಕಡೆಯುವ ಲೇತ್ ಮಶೀನುಗಳು ಒಂದೊಂದಾಗಿ ಎದ್ದು ಗುರ್ರೆನ್ನತೊಡಗಿದರೆ, ಆಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ಕೈಸನ್ನೆಯೇ ಗತಿ. ಶುಕ್ರವಾರ ಮಾತ್ರ ಮಶೀನುಗಳಿಗೆ ರಜೆ. ಆ ದಿನ ಮಧ್ಯಾಹ್ನ ಗಲ್ಲಿ ಎಷ್ಟು ತಣ್ಣಗಿರುತ್ತದೆಂದರೆ, ಹಾಲೆ ಮರದ ಹೊಟ್ಟಿನ ಮೇಲೆ ಕೋಳಿ ಕೆದರುವುದೂ ಕೇಳುತ್ತದೆ.

ಅಂಥ ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಬಂದು ಊಟ ಮಾಡಿದ ಓವೈಸ್, ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತ. ತಂದೆಯಂತೆ ಅವನೂ ಬೊಂಬೆ ಕಡೆಯುವವನು. ಆದರೆ ಕಸುಬಿನಾಚೆಗೆ ಅವನಿಗೊಂದು ಹುಚ್ಚಿತ್ತು, ಎಲೆಕ್ಟ್ರಿಕ್ ಗಿಟಾರ್. ಆ ಗಿಟಾರಿಗೆ ತನ್ನದೇ ದನಿಯಿಲ್ಲ. ಸುಮ್ಮನೆ ಮೀಟಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ಮಸೀದಿಗೆ ಹತ್ತಿರದ ಮನೆ, ದೊಡ್ಡ ಸ್ಪೀಕರ್ ಹಚ್ಚುವುದು ಅವನಿಗೇ ಸರಿಕಾಣುತ್ತಿರಲಿಲ್ಲ. ಹಾಗಾಗಿ ಕೂಟಗಲ್ ಊರಿನ ಸ್ನೇಹಿತ ಶಿವಕುಮಾರ್, ಗಿಟಾರನ್ನು ಕಂಪ್ಯೂಟರಿಗೆ ಕೂಡಿಸುವ ಪುಟ್ಟ ಪೆಟ್ಟಿಗೆಯೊಂದನ್ನೂ ಒಂದು ಜೊತೆ ಹೆಡ್‌ಫೋನನ್ನೂ ಕೊಟ್ಟು ಹೋಗಿದ್ದ. ಶಿವಕುಮಾರ್ ತನ್ನೂರಿನ ಭಜನಾ ಮಂಡಳಿಯ ಹಾಡುಗಾರ. ಮಂಡಳಿಯವರು ಹಾಡಿದ ಶಿವನ ಹಾಡೊಂದಕ್ಕೆ ಗಿಟಾರ್ ಸೇರಿಸಿ ಸಂಜೆಯೊಳಗೆ ಕಳಿಸಬೇಕಿತ್ತು.

ತಂತಿ ಮೀಟಿದ. ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು. ಕಿವಿಗೆ ಮಾತ್ರ ಏನೂ ಬರಲಿಲ್ಲ. ಶಿವಕುಮಾರನಿಗೆ ಫೋನ್ ಹಚ್ಚಿದ.

"ಗೆರೆ ಕುಣೀತೈತೆ, ಸದ್ದೇ ಬತ್ತಿಲ್ಲ ಕಣ್ಲಾ."

"ಟ್ರ್ಯಾಕ್ ಪಕ್ಕದಾಗೆ ಮಾನಿಟರ್ ಅಂತ ಒಂದು ಗುಂಡಿ ಐತೆ ನೋಡ್ಲಾ. ಅದನ್ನ ಒತ್ತು. ಇಲ್ದಿದ್ರೆ ಅದು ಬರ್ಕೊಂತದೆ, ನಿಂಗೆ ಕೇಳ್ಸಾಕಿಲ್ಲ."

ಒತ್ತಿದ. ಸದ್ದು ಬಂತು. ಆದರೆ ಬೆರಳು ತಂತಿ ಬಿಟ್ಟ ಮೇಲೆ, ತಡವಾಗಿ.

"ಲೇ, ನಾನು ಮೀಟೋದು ಈಗ, ಅದು ಬರೋದು ಆಮೇಲೆ. ನೆಂಟ್ರು ಬಂದಾದ್ಮೇಲೆ ಅವರ ಲಗೇಜು ಬಂದಂಗೆ."

"ಸೆಟ್ಟಿಂಗ್ಸ್‌ನಾಗೆ ಬಫರ್ ಅಂತೈತೆ, ಕಮ್ಮಿ ಮಾಡು. ತೀರಾ ಕಮ್ಮಿ ಮಾಡ್ಬುಟ್ಟೀಯ, ಒಗ್ಗರಣೆ ಸಿಡ್ದಂಗೆ ಚಟಪಟ ಅಂತದೆ. ಒಸಿ ನೋಡ್ಕಂಡು ಮಾಡು. ಸಂಜೆಗೆ ಬೇಕು ಕಣ್ಲಾ!"

ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದ. ಒಮ್ಮೆ ಸಿಡಿಯಿತು, ಹಿಂದಕ್ಕೆ ಸರಿಸಿದ. ಕೊನೆಗೆ ಬೆರಳೂ ಸದ್ದೂ ಜೊತೆಯಾದವು. 'ಅಲ್‌ಹಮ್ದುಲಿಲ್ಲಾ' ಎಂದುಕೊಂಡು ಕಣ್ಣು ಮುಚ್ಚಿ ಒಂದು ತಂತಿಯನ್ನು ಉದ್ದಕ್ಕೆ ಮಿಡಿದ.

ಕಣ್ಣು ಮುಚ್ಚಿದಾಗಲೇ ಅದು ತಿಳಿದದ್ದು. ಸದ್ದೆಲ್ಲ ಎಡಗಿವಿಯಲ್ಲಿತ್ತು. ಬಲಗಡೆ ಏನೂ ಇರಲಿಲ್ಲ.

ಮತ್ತೆ ಮೀಟಿದ, ಜೋರಾಗಿ. ಎಡಗಡೆ ಗಿಟಾರ್ ಗದ್ದಲವೆಬ್ಬಿಸಿತು. ಬಲಗಡೆ ಹಾಳುಬಾವಿಯಂಥ ಮೌನ.

ಬೇರೆಯವರಾಗಿದ್ದರೆ ಹೆಡ್‌ಫೋನನ್ನು ಬೈದು ಕೇಬಲ್ಲನ್ನು ಅಲ್ಲಾಡಿಸುತ್ತಿದ್ದರು. ಓವೈಸ್ ಮಾತ್ರ ಕೇಬಲ್ ಮುಟ್ಟಲಿಲ್ಲ. ಅವನು ಮೆಲ್ಲಗೆ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅಲ್ಲಿ ಹೊಸ್ತಿಲ ಪಕ್ಕದ ಬೆಂಚಿನ ಮೇಲೆ ಅವನ ತಂದೆ ಸಾಬೀರ್ ಸಾಹೇಬರು ಜಪಮಣಿ ಎಣಿಸುತ್ತ ಕುಳಿತಿದ್ದರು. ಎರಡೂ ಕಿವಿ ಕೇಳದ ಮನುಷ್ಯ. ಮಗ ಏನೋ ಯಂತ್ರ ಹೂಡುತ್ತಿದ್ದಾನೆಂದು ಆಗಾಗ ಕಣ್ಣು ಹಾಯಿಸುತ್ತಿದ್ದರು.

ಆ ಮನೆಯ ಲೇತ್ ಮಶೀನಿಗೆ ಮೋಟಾರು ಇರುವುದು ಬಲಗಡೆ. ಅಜ್ಜ ಹಾಗೆ ಕೂರಿಸಿದ್ದು, ಹಾಗೇ ಉಳಿಯಿತು. ಕಿವಿಗೆ ಹತ್ತಿ ಇಟ್ಟುಕೊಂಡು ಕೂರುವುದೆಂದರೆ ಗಲ್ಲಿಯವರಿಗೆ ನಗೆಪಾಟಲು. ಉಳಿ ಮರವನ್ನು ಸರಿಯಾಗಿ ಹಿಡಿದಿದೆಯೇ, ಬಣ್ಣದ ಅರಗು ಹದವಾಗಿ ಕರಗುತ್ತಿದೆಯೇ ಎಂಬುದನ್ನು ಅವರು ಕಣ್ಣಿಗಿಂತ ಮೊದಲು ಕಿವಿಯಿಂದ ತಿಳಿಯುವವರು. ಕಿವಿ ಮುಚ್ಚಿಕೊಂಡು ಕಡೆಯುವುದು ಮೂಗು ಕಟ್ಟಿಕೊಂಡು ಅಡುಗೆ ಮಾಡಿದ ಹಾಗೆ ಎಂದು ಸಾಬೀರರೇ ಹೇಳುತ್ತಿದ್ದರು. ಅವರ ಬಲಗಿವಿ ಮೊದಲು ಹೋಯಿತು. ಹೋದದ್ದು ಅವರಿಗೆ ತಿಳಿಯಲೇ ಇಲ್ಲ. ಮಶೀನಿಗೆ ಹಾಕಿದ ಹೊಸ ಎಣ್ಣೆ ಒಳ್ಳೆಯದು, ಸದ್ದು ಎಷ್ಟು ಮೆತ್ತಗಾಗಿದೆ ನೋಡಿ ಎಂದು ಕಂಡವರಿಗೆಲ್ಲ ಆ ಎಣ್ಣೆಯನ್ನು ಹೊಗಳಿಕೊಂಡು ಓಡಾಡಿದ್ದರು.

ಓವೈಸನಿಗೆ ಈಗ ಬೇಡದ್ದೆಲ್ಲ ನೆನಪಾಗತೊಡಗಿತು. ಫೋನನ್ನು ಯಾವಾಗಲೂ ಎಡಗಿವಿಗೇ ಹಿಡಿಯುತ್ತೇನಲ್ಲ, ಯಾಕೆ? ಮಶೀನಿನ ಮುಂದೆ ಕೂತಾಗ ಈಚೆಗೆ ತಲೆ ನೋಯುವುದಿಲ್ಲವಲ್ಲ, ಯಾಕೆ? ಹೆಡ್‌ಫೋನ್ ತೆಗೆದು ಬಲಗಿವಿಯ ಹತ್ತಿರ ಎರಡು ಬೆರಳು ಉಜ್ಜಿ ನೋಡಿದ. ಕೇಳಿದ ಹಾಗಾಯಿತು. ಆದರೆ ಕೇಳಿದ್ದು ಕಿವಿಯೋ, ಬೆರಳು ಉಜ್ಜಿದ್ದು ಗೊತ್ತಿದ್ದ ಮನಸ್ಸೋ?

ತಿಳಿಯಲು ಸುಲಭದ ದಾರಿಯಿತ್ತು. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡರೆ ಮುಗಿಯಿತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ತಪ್ಪು ಯಂತ್ರದ್ದೋ ತನ್ನದೋ ಆ ಗಳಿಗೆಯಲ್ಲೇ ತೀರ್ಮಾನ. ಆದರೆ ಅವನಿಂದ ಆಗಲಿಲ್ಲ. ಎರಡೂ ಕೈಯಲ್ಲಿ ಹೆಡ್‌ಫೋನ್ ಹಿಡಿದುಕೊಂಡು, ಕುದಿಯುವ ಪಾತ್ರೆ ಹಿಡಿದವನಂತೆ ಸುಮ್ಮನೆ ಕುಳಿತ. ತಿರುಗಿಸುವವರೆಗೆ ಇನ್ನೂ ಕಿವಿ ಇದ್ದೇ ಇದೆ. ತಿರುಗಿಸಿದ ಮೇಲೆ? ಯಾ ಅಲ್ಲಾ, ಕೈ ಹೋದರೂ ಸರಿ, ಇದು ಬೇಡ ಎಂದಿತು ಒಳಗಿನ ದನಿ. ಅಂದ ತಕ್ಷಣ, ಬೇಡಬಾರದ್ದನ್ನು ಬೇಡಿದೆನೇನೋ ಎಂದು ಇನ್ನಷ್ಟು ಹೆದರಿಕೆಯಾಯಿತು.

ಹೆಂಡತಿ ನೂರೀನ್ ಅಡುಗೆಮನೆಯಿಂದ ಬಂದಳು.

"ನೂರೀ, ಒಸಿ ಇದನ್ನ ಕೇಳು."

ಅವಳು ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿ, ಆ ದುಪಟ್ಟಾದ ಮೇಲೆಯೇ ಹೆಡ್‌ಫೋನ್ ಏರಿಸಿ, ಫೋನಿನಲ್ಲಿ ಮಾತಾಡುವವಳಂತೆ ಎಡಗಡೆಯದನ್ನು ಮಾತ್ರ ಅಂಗೈಯಿಂದ ಒತ್ತಿ ಹಿಡಿದಳು. ಓವೈಸ್ ತಂತಿ ಮೀಟಿ ಅವಳ ಮುಖವನ್ನೇ ನೋಡಿದ.

"ಚೆನ್ನಾಗೈತೆ."

"ಕೇಳ್ತೈತಾ?"

"ಕೇಳ್ದೆ ಏನ್ರೀ? ನಾನೇನ್ ಕಿವುಡೀನಾ?" ಎಂದವಳು, ಬಾಗಿಲ ಬಳಿ ಮಾವ ಕೂತಿದ್ದು ಕಂಡು ನಾಲಿಗೆ ಕಚ್ಚಿಕೊಂಡಳು.

ಹಾಗಾದರೆ ಯಂತ್ರ ಸರಿಯಿದೆ, ಕೆಟ್ಟದ್ದು ತನ್ನ ಕಿವಿಯೇ. "ಎರಡೂ ಕಡೆ ಬತ್ತೈತಾ ನೂರೀ?"

ಆ ಪ್ರಶ್ನೆಯಲ್ಲಿ ಬರೀ ಪ್ರಶ್ನೆಯಿರಲಿಲ್ಲ. ನೂರೀನ್ ಅವನನ್ನು ಒಂದು ಕ್ಷಣ ದಿಟ್ಟಿಸಿದಳು. ದುಪಟ್ಟಾವನ್ನು ಹಿಂದಕ್ಕೆ ಸರಿಸಿ, ಕೂದಲು ಬದಿಗೊತ್ತಿ, ಎರಡನ್ನೂ ಎರಡು ಕಿವಿಗೆ ಸರಿಯಾಗಿ ಕೂರಿಸಿಕೊಂಡಳು.

"ಈಗ ಬಾರ್ಸಿ."

ಬಾರಿಸಿದ.

"ಇನ್ನೊಂದ್ ಸಲ."

ಮತ್ತೆ ಮೀಟಿದ.

"ಈ ಕಡೆ ಏನೂ ಇಲ್ವಲ್ರೀ," ಎಂದು ಅವಳು ತನ್ನ ಬಲಗಡೆಯನ್ನು ತಟ್ಟಿದಳು. "ಒಂದೇ ಕಡೆ ಬತ್ತೈತೆ. ಕೆಟ್ಟೋಗೈತೋ ಏನೋ."

ಓವೈಸನ ಬಾಯಿಂದ ನಗುವಿನಂಥದ್ದೊಂದು ಹೊರಬಂತು. ಕಣ್ಣಲ್ಲಿ ನೀರು ತುಂಬಿತು. ಅದನ್ನು ಮರೆಮಾಡಲು ಬಗ್ಗಿ ಮತ್ತೆ ಫೋನ್ ಹಚ್ಚಿದ.

"ಒಂದೇ ಕಡೇನಾ?" ಶಿವಕುಮಾರ್ ಆ ಕಡೆಯಿಂದ ಗಹಗಹಿಸಿದ. "ಟ್ರ್ಯಾಕ್‌ನ ಸ್ಟೀರಿಯೋ ಮಾಡ್ಕಂಡಿದೀಯ ಕಣಪ್ಪ. ಪೆಟ್ಗೇಲಿ ಎರಡು ತೂತು ಐತಲ್ಲ, ಮೊದಲ್ನೇದು ಎಡಕ್ಕೆ ಹೋಯ್ತದೆ, ಎರಡ್ನೇದು ಬಲಕ್ಕೆ. ನೀನು ಎರಡ್ನೇದಕ್ಕೆ ಏನ್ ಹಾಕಿದೀಯಾ? ಗಾಳಿ! ಮೋನೋ ಮಾಡು, ನಡೂಮಧ್ಯೆ ಬಂದು ಕೂತ್ಕತದೆ."

"ನನ್ ಕಿವೀನೇ ಹೋಯ್ತು ಅಂದ್ಕಂಡಿದ್ದೆ ಕಣ್ಲಾ."

"ಹೋಗಿರೋದು ಬುದ್ಧಿ ಕಣ್ಲಾ, ಕಿವಿಯಲ್ಲ. ಬೇಗ ಬಾರ್ಸಿ ಕಳ್ಸು."

ಮೋನೋ ಎಂಬುದನ್ನು ಹುಡುಕಿ ಒತ್ತಿದ. ನೂರೀನ್ ಇನ್ನೂ ಹೆಡ್‌ಫೋನ್ ತೆಗೆದಿರಲಿಲ್ಲ. ಅವನು ಮೀಟಿದ ಕೂಡಲೇ ಅವಳ ಹುಬ್ಬು ಮೇಲೇರಿತು. "ಆಹಾ, ಈಗ ಸರಿಹೋಯ್ತು. ಹಣೆ ಮಧ್ಯದಾಗೆ ಕೂತು ಹಾಡ್ದಂಗೈತೆ," ಎಂದು ಹಣೆಯ ನಡುವೆ ಬೆರಳಿಟ್ಟು ತೋರಿಸಿದಳು.

ಓವೈಸ್ ಹೆಡ್‌ಫೋನ್ ಈಸಿಕೊಂಡು ಹಾಕಿಕೊಂಡ. ಮೀಟಿದ. ಬಲಗಿವಿಗೆ ಸದ್ದು ಬಂತು! ಮೋಡ ಸರಿದ ಹಾಗೆ ಎದೆ ಹಗುರಾಯಿತು. ಇನ್ನೊಮ್ಮೆ ಮೀಟಿದ, ಇನ್ನೊಮ್ಮೆ. ಹಾಡಿನ ಮೊದಲ ಸಾಲನ್ನು ನುಡಿಸಿದ.

ನುಡಿಸುತ್ತ ನುಡಿಸುತ್ತ ಅವನ ಕೈ ನಿಧಾನವಾಯಿತು.

ಸದ್ದು ಹಣೆಯ ನಡುವೆ ಇರಲಿಲ್ಲ. ಎಡಗಣ್ಣಿನ ಮೇಲೆ ಇತ್ತು. ಒಂದು ಕಡೆ ಗೂಟ ಸಡಿಲಾದ ತೊಟ್ಟಿಲಿನಂತೆ, ಒಸಿ ಅಷ್ಟೇ, ಎಡಕ್ಕೆ ವಾಲಿತ್ತು.

ಈ ಸಲ ಅವನು ಯೋಚಿಸುತ್ತ ಕೂರಲಿಲ್ಲ. ಭಯವನ್ನು ಒಮ್ಮೆ ದಾಟಿ ಬಂದದ್ದಕ್ಕೋ ಏನೋ, ಕೈ ತಾನೇ ಮೇಲೆದ್ದು ಹೆಡ್‌ಫೋನನ್ನು ತಿರುಗಿಸಿ ಹಾಕಿತು. ತಪ್ಪು ಯಂತ್ರದ್ದಾದರೆ ಸದ್ದು ಈಗ ಬಲಕ್ಕೆ ವಾಲಬೇಕು. ಮೀಟಿದ.

ಎಡಕ್ಕೇ ವಾಲಿತ್ತು.

ಮತ್ತೆ ತಿರುಗಿಸಿದ. ಎಡಕ್ಕೇ. ಮತ್ತೊಮ್ಮೆ ತಿರುಗಿಸಿದ.

"ಯಾವ ಕಡೆ?"

ಕಿವುಡರು ಮಾತ್ರ ಆಡಬಲ್ಲಷ್ಟು ದೊಡ್ಡ ದನಿ ಮನೆಯನ್ನೆಲ್ಲ ತುಂಬಿತು. ಸಾಬೀರ್ ಸಾಹೇಬರು ಬೆಂಚಿನಿಂದ ಎದ್ದು ನಿಂತಿದ್ದರು. ಜಪಮಣಿ ಜೇಬು ಸೇರಿತ್ತು. ಗಿಟಾರಿನ ಒಂದು ಸ್ವರವೂ ಅವರಿಗೆ ಕೇಳಿರಲಿಲ್ಲ. ಮಗ ಹೆಡ್‌ಫೋನನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿದ್ದುದನ್ನು ಮಾತ್ರ ನೋಡಿದ್ದರು. ಅಷ್ಟು ಸಾಕಾಗಿತ್ತು. ರೇಡಿಯೋವನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹಾಗೆಯೇ ತಿರುಗಿಸಿ ತಿರುಗಿಸಿ ಹಿಡಿದು ನೋಡಿದವರು ಅವರು.

ಓವೈಸ್ ತಲೆ ತಗ್ಗಿಸಿ ತನ್ನ ಬಲಗಿವಿ ಮುಟ್ಟಿ ತೋರಿಸಿದ. ಆಮೇಲೆ ಹೆಬ್ಬೆರಳಿನ ತುದಿಯನ್ನು ತೋರುಬೆರಳಿನ ತುದಿಗೆ ತಾಗಿಸಿ, ಒಸಿ, ಒಸಿ ಮಾತ್ರ ಎಂದು ಸನ್ನೆ ಮಾಡಿದ.

"ನಂದೂ ಒಸೀನೇ ಇತ್ತು," ಎಂದರು ಸಾಬೀರರು. "ಏಳು."

"ಅಬ್ಬಾ, ಇದೊಂದು ಬಾರ್ಸಿ ಕಳ್ಸಿ..." ಓವೈಸ್ ಗಿಟಾರ್ ತೋರಿಸಿದ.

"ಏಳಪ್ಪಾ ಅಂದ್ನಲ್ಲ. ಕಿವಿ ಡಾಕ್ಟ್ರು ಸಂಜೆ ಕೂರ್ತಾರೆ. ನಾನು ನಾಳೆ, ನಾಳೆ ಅಂತಿದ್ದೆ. ಡಾಕ್ಟ್ರು ನೋಡೋವರ್ಗೂ ಮಶೀನಿಗೆ ಬೀಗ. ಕೀ ನನ್ ಹತ್ರ ಇರ್ತದೆ." ಸೊಸೆಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ ಬೇಟಿ?"

ನೂರೀನ್ ಹೌದೆಂದು ತಲೆಯಾಡಿಸಿದಳು. ಗಂಡನ ಮುಖ ನೋಡದೆ ಹೇಳಿದಳು: "ನಿಮ್ ಬಲಗಡೆ ಮಲಗಿ ನಾನು ಮೆತ್ತಗೆ ಮಾತಾಡುದ್ರೆ ನೀವು ಊಂ ಅಂತೀರ, ಉತ್ರ ಕೊಡಲ್ಲ. ಸುಸ್ತು ಅಂದ್ಕಂಡಿದ್ದೆ. ಆಮೇಲೆ ಅನುಮಾನ ಬಂತು. ಹೇಳಾಕೆ ಭಯ ಆಯ್ತು ರೀ."

ಓವೈಸ್ ಪರದೆಯ ಮೇಲಿನದನ್ನು ಉಳಿಸಿ, ಗಿಟಾರನ್ನು ಗೋಡೆಗೆ ಒರಗಿಸಿದ. ಶಿವಕುಮಾರನಿಗೆ, ಇವತ್ತು ಆಗುವುದಿಲ್ಲ, ಕಿವಿ ತೋರಿಸಿ ಬರುತ್ತೇನೆ ಎಂದು ಎರಡು ಸಾಲು ಕಳಿಸಿದ. ಯಾವುದಕ್ಕೂ ತಮಾಷೆ ಮಾಡುವ ಶಿವಕುಮಾರ್ ಈ ಸಲ ಮಾಡಲಿಲ್ಲ. 'ಮೊದ್ಲು ಹೋಗ್ ಬಾ. ಹಾಡು ಎಲ್ಲೂ ಓಡೋಗಲ್ಲ' ಎಂದು ಬರೆದ.

ತಂದೆ ಮಗ ಗಲ್ಲಿಯಲ್ಲಿ ನಡೆದರು. ಬಿಸಿಲು ಇಳಿಯುತ್ತಿತ್ತು. ಮುಚ್ಚಿದ ಬಾಗಿಲುಗಳ ಹಿಂದೆ ಮಶೀನುಗಳು ಮಲಗಿದ್ದವು. ಯಾವಾಗಲೂ ಮಗನ ಮುಂದೆ ಮುಂದೆ ನಡೆಯುವ ಸಾಬೀರರು ಇಂದು ಬೇಕೆಂದೇ ಅವನ ಬಲಕ್ಕೆ ಬಂದರು. ಬಂದು ಮಾತಿಗೆ ಶುರು ಮಾಡಿದರು. ಡಾಕ್ಟರಿಗೆ ಏನು ಹೇಳಬೇಕು, ಏನು ಮುಚ್ಚಿಡಬಾರದು, ತಾವು ಏನೇನು ಸುಳ್ಳು ಹೇಳಿದ್ದರು. ಅವರ ಮಟ್ಟಿಗೆ ಅದು ಪಿಸುಮಾತು.

"ಕೇಳ್ತೈತಾ?" ಎಂದು ನಡುನಡುವೆ ಕೇಳುವರು.

ಓವೈಸ್ ತಲೆಯಾಡಿಸುವನು. ಹೆಚ್ಚಿನದೆಲ್ಲ ಕೇಳುತ್ತಿತ್ತು. ಮುಖ್ಯರಸ್ತೆ ಹತ್ತಿರವಾದಂತೆ ಗಾಡಿಗಳ ಸದ್ದು ಎದ್ದಿತು. ಅಬ್ಬಾ ದನಿ ಇಳಿಸಿ ಏನೋ ಅಂದರು. ಅಂದಾಜಿನ ಮೇಲೆ ಅವನ ತಲೆ ಇನ್ನೇನು ಹೌದೆಂದು ಆಡುವುದರಲ್ಲಿತ್ತು.

ನಿಂತ. ತಂದೆಗೆ ಕಾಣುವ ಹಾಗೆ ಎದುರು ತಿರುಗಿ, ಇಲ್ಲ, ಕೇಳಲಿಲ್ಲ ಎಂದು ತಲೆ ಅಲ್ಲಾಡಿಸಿದ.

ಸಾಬೀರರು ಅವನ ಭುಜ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಅದೇ ಮಾತನ್ನು ಮತ್ತೊಮ್ಮೆ ಹೇಳಿದರು.