ಗೊಂಬೆಗಳ ಪಾಳಿ

ತಲೆಯ ಮೇಲೆ ಅದಿರಿನ ಬುಟ್ಟಿ ಹೊತ್ತು ನಡೆಯುವುದು ಕಷ್ಟವಲ್ಲ. ಹೊತ್ತು ನಿಲ್ಲುವುದು ಕಷ್ಟ. ನಡೆಯುವಾಗ ಭಾರ ಕಾಲಿಗಿಳಿಯುತ್ತದೆ, ನಿಂತರೆ ಕುತ್ತಿಗೆಯಲ್ಲೇ ಕೂತುಬಿಡುತ್ತದೆ. ಬೆವರು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿದು ಉರಿಯುತ್ತದೆ. ಒರೆಸಿಕೊಳ್ಳುವ ಹಾಗಿಲ್ಲ. ಗೊಂಬೆಗಳು ಬೆವರು ಒರೆಸಿಕೊಳ್ಳುವುದಿಲ್ಲ.

ಹೌದು, ನಾವು ಗೊಂಬೆಗಳು. ನಿಮಗೆ ನಗು ಬಂದರೆ ನಗಿ. ಮೊದಮೊದಲು ನಮಗೂ ಬರುತ್ತಿತ್ತು. ನಕ್ಕವರ ಕೂಲಿ ಹಿಡಿಯಲು ಶುರು ಮಾಡಿದ ಮೇಲೆ ನಗು ತಾನಾಗಿಯೇ ನಿಂತಿತು.

ನಮ್ಮದು ಸೀಸದ ಗಣಿ. ಕಾಗದದಲ್ಲಿ ಅದು ಮುಚ್ಚಿ ವರ್ಷಗಳೇ ಆದವು. ಇನ್ನು ಬಂಡೆ ಕೆದಕಿದರೆ ಅಪಾಯ, ಅದಿರು ತೆಗೆಯುವುದು ನಿಲ್ಲಿಸಿ ಎಂದು ಸರ್ಕಾರ ಹೇಳಿತು. ಕಂಪನಿ ಬಹಳ ವಿನಯದಿಂದ ತಲೆಯಾಡಿಸಿ ಗಣಿಯನ್ನು ಮ್ಯೂಸಿಯಂ ಮಾಡಿತು. ಟಿಕೆಟ್ ಕೊಂಡವರು ಇಳಿದು ಬಂದು ನೋಡುತ್ತಾರೆ. ಅವರು ಇಲ್ಲದಾಗ ನಾವು ಎಂದಿನಂತೆ ಅದಿರು ತೆಗೆಯುತ್ತೇವೆ. ಮುಚ್ಚಿದ ಗಣಿಗೆ ಡಾಕ್ಟರು ಬೇಕಿಲ್ಲ, ವಿಮೆ ಬೇಕಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಸುರಂಗದಲ್ಲಿ ನಿಲ್ಲಿಸಲು ಮೊದಲು ಪ್ಲಾಸ್ಟರ್ ಗೊಂಬೆಗಳನ್ನೇ ತರಿಸಿದ್ದರು. ಒಳಗಿನ ತೇವಕ್ಕೆ ಅವುಗಳ ಮೂಗು ಉದುರಿದವು, ಆಮೇಲೆ ಕಿವಿ. ಆಗ ಮೇಸ್ತ್ರಿಯ ತಲೆ ಓಡಿತು. ಜೀವ ಇರುವವರೇ ಇಷ್ಟು ಅಗ್ಗಕ್ಕೆ ಸಿಗುವಾಗ ಗೊಂಬೆಗೆ ಯಾಕೆ ದುಡ್ಡು ಸುರಿಯಬೇಕು? ಅಂದಿನಿಂದ ಹೊಸ ನಿಯಮ ಬಂತು. ಮೇಲೆ ಲಿಫ್ಟಿನ ಬಳಿ ಗಂಟೆ ಹೊಡೆದರೆ ಯಾರು ಹೇಗಿದ್ದರೋ ಹಾಗೇ ನಿಲ್ಲಬೇಕು. ಪ್ರವಾಸಿಗಳು ಮೇಲೆ ಹೋಗಿ ಮತ್ತೆ ಗಂಟೆ ಹೊಡೆದಾಗ ಕೆಲಸಕ್ಕೆ ತೊಡಗಬೇಕು. ನಿಂತ ಹೊತ್ತಿಗೆ ಕೂಲಿಯಿಲ್ಲ, ಅದು ವಿಶ್ರಾಂತಿಯ ಲೆಕ್ಕ. ಪ್ಲಾಸ್ಟರ್ ಗೊಂಬೆಗಳ ಹೆಲ್ಮೆಟ್‌ಗಳು ಮಾತ್ರ ನಮ್ಮ ಗಂಡಸರಿಗೆ ಬಂದವು. ಅದಕ್ಕೂ ಮುಂಚೆ ನಮ್ಮಲ್ಲಿ ಯಾರಿಗೂ ಹೆಲ್ಮೆಟ್ ಇರಲಿಲ್ಲ.

ಪ್ರವಾಸಿಗಳನ್ನು ಕರೆತರುವ ಗೈಡ್‌ಗೆ ನಾವು ಇಟ್ಟ ಹೆಸರು ಛತ್ರಿ. ಜನ ದಾರಿ ತಪ್ಪದಿರಲೆಂದು ಅವನು ಬಣ್ಣದ ಕೊಡೆಯೊಂದನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಾನೆ. ಬರೀ ಕೊಡೆಯಿಂದ ಆ ಹೆಸರು ಬಂದಿಲ್ಲ ಎನ್ನುವುದು ಅವನಿಗೂ ಗೊತ್ತು. ಒಮ್ಮೆ ನಮ್ಮ ಅಜ್ಜ, ಅಂದರೆ ಗಣಿಯ ಅತಿ ಹಳೆಯ ಆಳು, ಬೆನ್ನು ಕೆರೆದುಕೊಳ್ಳುತ್ತಿದ್ದಾಗಲೇ ಗಂಟೆ ಹೊಡೆಯಿತು. ಕೈ ಬೆನ್ನ ಹಿಂದೆಯೇ ಉಳಿಯಿತು. ಈ ಗೊಂಬೆ ಏನು ಮಾಡುತ್ತಿದೆ ಎಂದು ಒಬ್ಬಾಕೆ ಕೇಳಿದಳು. ಹಿಂದಿನ ಬಂಡೆ ಕುಸಿಯುತ್ತದೆಯೇ ಎಂದು ಹಳೇ ಕಾಲದವರು ಹೀಗೆ ಕೈಯಿಟ್ಟು ತಿಳಿಯುತ್ತಿದ್ದರು ಎಂದ ಛತ್ರಿ. ಆಕೆ ಅದನ್ನು ಬರೆದುಕೊಂಡಳು.

ದೊಡ್ಡ ಮನುಷ್ಯರು ಬಂದರೆ ಇಡೀ ದಿನದ ಖಾಸಗಿ ಪ್ರವಾಸ. ಬೆಳಿಗ್ಗೆ ಯುದ್ಧ ಸ್ಮಾರಕ, ಮಧ್ಯಾಹ್ನ ಊಟ, ಊಟವಾದ ಮೇಲೆ ಗಣಿ. ಸ್ಮಾರಕ ಗಣಿಯ ಬಾಯಲ್ಲೇ ಇದೆ, ನುಣುಪಾದ ದೊಡ್ಡ ಕರಿಕಲ್ಲು. ಯುದ್ಧದ ಕಾಲದಲ್ಲಿ ಬಂದೂಕಿನ ಗುಂಡಿಗೆ ಸೀಸ ಸಾಲದೆಂದು ಕೆಲಸಗಾರರನ್ನು ಒಳಗಿಳಿಸಿ ಬಾಗಿಲಿಗೆ ಬೀಗ ಹಾಕಿದ್ದರು. ಗಣಿ ಕುಸಿದಾಗ ಬೀಗದ ಕೈ ಇದ್ದವನು ಊಟಕ್ಕೆ ಹೋಗಿದ್ದನಂತೆ. ಇದು ನಮ್ಮ ಹಿರಿಯರು ಹೇಳಿದ ಮಾತು. ಛತ್ರಿ ಹೇಳುವುದೇ ಬೇರೆ. ದೇಶಕ್ಕೆ ಸೀಸ ಸಾಲುವವರೆಗೆ ಮೇಲೆ ಬರುವುದಿಲ್ಲ ಎಂದು ಆ ವೀರರು ಹಟ ಹಿಡಿದರಂತೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಆ ಕಲ್ಲನ್ನು ದಿನಾ ಉಜ್ಜಿ ಹೊಳೆಯಿಸುವವಳು ನನ್ನ ಅಕ್ಕ. ಅವಳ ಗಂಡ, ನನ್ನ ಭಾವ, ಕೆಳಗೆ ನಮ್ಮ ಜೊತೆ ಬಂಡೆ ಒಡೆಯುತ್ತಿದ್ದ.

ಒಂದು ದಿನ ಗಂಟೆ ಹೊಡೆಯುವುದಕ್ಕೂ ಪಕ್ಕದ ಗೋಡೆಯ ಬಂಡೆ ಜಾರಿ ಭಾವನ ಪಾದದ ಮೇಲೆ ಕೂರುವುದಕ್ಕೂ ಸರಿಹೋಯಿತು. ಕೂಗಲು ತೆರೆದ ಬಾಯಿ ತೆರೆದೇ ಇತ್ತು, ಕೂಗು ಬರಲಿಲ್ಲ. ಲಿಫ್ಟಿನಿಂದ ಇಳಿದವರು ಕ್ಯಾಮೆರಾ ಹಿಡಿದ ಒಬ್ಬ ಮುದುಕರು ಮತ್ತು ಅವರ ಮನೆಯವರು. ಖಾಸಗಿ ಪ್ರವಾಸದವರಿಗೆ ಅವಸರವಿರುವುದಿಲ್ಲ. ಮುದುಕರು ಭಾವನ ಮುಂದೆ ಬಹಳ ಹೊತ್ತು ನಿಂತರು.

"ನೋವನ್ನ ಎಷ್ಟು ಚೆನ್ನಾಗಿ ತಂದಿದಾರೆ ನೋಡಿ ಮುಖದಲ್ಲಿ" ಎಂದರು.

ಭಾವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ಒಳಗಿನ ಯಂತ್ರದ ಕೆಲಸ ಎಂದ ಛತ್ರಿ. ಅವನ ಮುಖವೂ ಬಿಳಿಚಿಕೊಂಡಿತ್ತು, ಆದರೆ ಬಾಯಿ ನಿಲ್ಲಲಿಲ್ಲ. ನಾನು ಕೈಚಾಚಿದರೆ ಭಾವನ ಭುಜ ಸಿಗುತ್ತಿತ್ತು. ಕೈ ಚಾಚಲಿಲ್ಲ. ಯಾರೂ ಚಾಚಲಿಲ್ಲ. ಎರಡನೆಯ ಗಂಟೆ ಹೊಡೆದ ಮೇಲೆ ಭಾವ ಬಿದ್ದ. ಬಂಡೆ ಸರಿಸಿದಾಗ ಪಾದ ಪಾದದ ಹಾಗಿರಲಿಲ್ಲ.

ಮೇಸ್ತ್ರಿ ಅವನನ್ನು ಮನೆಗೆ ಸಾಗಿಸಿ ಕೈ ತೊಳೆದುಕೊಂಡ. ಅಕ್ಕ ಆಫೀಸಿಗೆ ಹೋದಳು. ಅಲ್ಲಿನ ಮ್ಯಾನೇಜರ್ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದ.

"ಮುಚ್ಚಿದ ಗಣೀಲಿ ಯಾರಮ್ಮ ಕೆಲಸ ಮಾಡ್ತಾರೆ? ನಿಮ್ಮೆಜಮಾನ್ರು ಟೂರಿಗೆ ಬಂದಿದ್ರೆ ಟಿಕೆಟ್ ತೋರ್ಸಿ. ಟಿಕೆಟ್ ಇದ್ದೋರಿಗೆ ವಿಮೆ ಇದೆ, ನಾನೇ ನಿಂತು ಕೊಡಿಸ್ತೀನಿ" ಎಂದ.

ನನ್ನ ಅಕ್ಕ ಎಂಥವಳೆಂದರೆ, ಅಲ್ಲಿಂದ ಎದ್ದು ನೇರ ಟಿಕೆಟ್ ಕಿಟಕಿಗೆ ಹೋಗಿ ಕಳೆದ ವಾರದ ಒಂದು ಟಿಕೆಟ್ ಕೊಡಿ ಎಂದು ಕೇಳಿದಳು. ಆಗಿಹೋದ ದಿನದ ಟಿಕೆಟ್ ಮಾರುವುದಿಲ್ಲ ಎಂದರು. ಅಲ್ಲಿಗೆ ಭಾವ ಕೆಲಸಗಾರನೂ ಅಲ್ಲ, ಪ್ರವಾಸಿಯೂ ಅಲ್ಲ. ಎತ್ತ ನೋಡಿದರೂ ಇಲ್ಲದ ಮನುಷ್ಯ. ಕಾಲು ಮಾತ್ರ ಇತ್ತು, ದಿನದಿನಕ್ಕೂ ಕಪ್ಪಾಗುತ್ತಿತ್ತು.

ಕಾರ್ಮಿಕರ ಆಸ್ಪತ್ರೆಯ ಡಾಕ್ಟರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು. ಈ ವಾರದೊಳಗೆ ಆಪರೇಷನ್ ಆದರೆ ಪಾದ ಉಳಿಯುತ್ತದೆ, ತಪ್ಪಿದರೆ ಮಂಡಿಯವರೆಗೆ ತೆಗೆಯಬೇಕು ಎಂದರು. ಆದರೆ ಇವನು ಕಾರ್ಮಿಕ ಎಂದು ಕಾರ್ಮಿಕ ಇಲಾಖೆಯ ಅಧಿಕಾರಿ ಬರೆದುಕೊಟ್ಟರೆ ಮಾತ್ರ ಅಲ್ಲಿ ಹಾಸಿಗೆ ಸಿಗುತ್ತದೆ. ಅಕ್ಕ ಅಧಿಕಾರಿಯ ಬಾಗಿಲಿಗೂ ಹೋದಳು. ಕಣ್ಣಾರೆ ಕಾಣದೆ ಒಂದಕ್ಷರ ಬರೆಯುವ ಮನುಷ್ಯ ತಾನಲ್ಲ, ಬಂದು ನೋಡುತ್ತೇನೆ ಎಂದರು ಅವರು. ಅಕ್ಕ ಕುಣಿಯುತ್ತಾ ಮನೆಗೆ ಬಂದಳು. ಆ ಸುದ್ದಿ ಕಂಪನಿಗೂ ಮುಟ್ಟಿತ್ತು. ಕಂಪನಿ ಆ ಅಧಿಕಾರಿಯ ಮನೆಗೆ ಕಾರು ಕಳಿಸುವ ಏರ್ಪಾಡು ಮಾಡಿತು. ಪರಿಶೀಲನೆಗೆ ಯಾಕೆ ಒಬ್ಬರೇ ಬರುತ್ತೀರಿ, ಅಮ್ಮಾವರನ್ನೂ ಕರೆತನ್ನಿ, ಸ್ಮಾರಕ, ಊಟ, ಗಣಿ, ಇಡೀ ದಿನ ನಮ್ಮದೇ ಉಪಚಾರ ಎಂದಿತು.

ಅಧಿಕಾರಿ ಬರುವ ಹಿಂದಿನ ಸಂಜೆ ನಾವು ಬಟ್ಟೆ ಬದಲಿಸುವ ತಗಡಿನ ಶೆಡ್ಡಿಗೆ ಮೇಸ್ತ್ರಿ ಬಂದ. ನಾಳೆ ಒಂದು ರೆಪ್ಪೆ ಅಲುಗಿದರೂ ಗಣಿ ನಿಜವಾಗಿಯೇ ಮುಚ್ಚುತ್ತದೆ, ಆಮೇಲೆ ನಿಮ್ಮ ಹಣೆಬರಹ ಎಂದು ಹೇಳಿ ಹೋದ. ಅವನು ಹೋದ ಮೇಲೆ ಗಾಡಿಯವಳು ನನ್ನ ಕಡೆ ತಿರುಗಿದಳು. ಅದಿರಿನ ಗಾಡಿಯನ್ನು ಹಳಿಯ ಮೇಲೆ ತಳ್ಳುವವಳು ಅವಳು. ಅವಳ ಸಂಪಾದನೆಯಲ್ಲೇ ನಾಲ್ಕು ಹೊಟ್ಟೆ ತುಂಬಬೇಕು.

"ನಾಳೆ ನಾವು ಅಲುಗಿದ್ರೆ ನಿನ್ನ ಭಾವಂಗೆ ಕಾಲು ಬರುತ್ತೆ, ಸರಿ. ನಮಗೆಲ್ಲ ಅನ್ನ ಹೋಗುತ್ತೆ. ಅದಕ್ಕೇನ್ ಹೇಳ್ತೀಯ?" ಎಂದಳು.

ಅವಳ ಮಾತು ಸುಳ್ಳಾಗಿರಲಿಲ್ಲ, ಅದೇ ಹೊಟ್ಟೆ ಉರಿಸಿದ್ದು. ಅಜ್ಜ ಮಾತ್ರ ಮೂಲೆಯಿಂದ, "ನಾನು ನಿಂತಲ್ಲೇ ಸತ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ ಕಣಮ್ಮ. ಎರಡನೇ ಗಂಟೆ ಹೊಡೆಯೋವರೆಗೂ ನನ್ನನ್ನ ತೋರಿಸ್ತಾನೇ ಇರ್ತಾನೆ ಆ ಛತ್ರಿ" ಎಂದ. ಒಂದಿಬ್ಬರು ನಕ್ಕರು. ಏನೂ ತೀರ್ಮಾನವಾಗದೆ ಎದ್ದು ಮನೆಗೆ ಹೋದೆವು.

ಮರುದಿನ ಸ್ಮಾರಕದ ಬಳಿ ಆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಅಧಿಕಾರಿ ಕಲ್ಲಿನ ಮುಂದೆ ಹೂವಿಟ್ಟು ತಲೆ ತಗ್ಗಿಸಿ ನಿಂತರಂತೆ. ಛತ್ರಿಯ ಕಥೆ ಕೇಳಿ ಕಣ್ಣೊರೆಸಿಕೊಂಡರಂತೆ. ಪೊರಕೆ ಹಿಡಿದೇ ಅಕ್ಕ ಹತ್ತಿರ ಹೋಗಿ ತನ್ನ ಗಂಡನ ಮಾತೆತ್ತಿದಳು. ಅಧಿಕಾರಿ ತುಟಿಯ ಮೇಲೆ ಬೆರಳಿಟ್ಟರು. ಈಗ ಮೌನಾಚರಣೆ, ಸತ್ತವರಿಗೆ ಗೌರವ ಕೊಡುವ ಹೊತ್ತು, ಆಮೇಲೆ ಬಾ ಎಂದರು.

"ಸತ್ತೋರು ಕಾಯ್ತಾರೆ ಸಾರ್, ಅವ್ರಿಗೇನ್ ಅವಸರ. ನನ್ನ ಗಂಡನ ಕಾಲು ಕಾಯಲ್ಲ" ಎಂದಳು ಅಕ್ಕ.

ಅಷ್ಟರಲ್ಲಿ ಕಾವಲುಗಾರ ಅವಳನ್ನು ಆಚೆ ಕರೆದೊಯ್ದ. ಅವರು ಊಟಕ್ಕೆ ಹೋದರು.

ಊಟ ಮುಗಿದು ಗಂಟೆ ಹೊಡೆಯಿತು. ರಾತ್ರಿಯೆಲ್ಲ ಏನೇನೋ ಅಂದುಕೊಂಡಿದ್ದೆ. ಆದರೆ ಆ ಸದ್ದಿಗೆ ನನ್ನ ಮೈ ನನ್ನನ್ನು ಕೇಳದೆಯೇ ನಿಂತುಹೋಯಿತು. ಒಂದು ಕೈ ತಲೆಯ ಬುಟ್ಟಿಯ ಮೇಲೆ, ಇನ್ನೊಂದು ಕೈ ಮುಂದಕ್ಕೆ. ಎಲ್ಲರೂ ನಿಂತಿದ್ದರು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಅಧಿಕಾರಿ ಸಾವಧಾನವಾಗಿ ನೋಡುತ್ತ ಬಂದರು. ಅಜ್ಜನ ಗಲ್ಲ ಮುಟ್ಟಿ, ಕೂದಲು ಕೂಡ ನಿಜದ್ದೇ ಇದ್ದ ಹಾಗಿದೆ ಎಂದು ಮೆಚ್ಚಿದರು. ಅವರ ಹೆಂಡತಿಗೆ ಗಂಡನ ಫೋಟೊ ತೆಗೆಯಬೇಕಿತ್ತು, ಕೈಚೀಲ ಅಡ್ಡವಾಗುತ್ತಿತ್ತು. ಆಕೆ ಸುತ್ತ ನೋಡಿ ಚೀಲವನ್ನು ನನ್ನ ಚಾಚಿದ ಕೈಗೆ ನೇತುಹಾಕಿದರು. ತಲೆಯ ಮೇಲೆ ಅದಿರು, ಕೈಯಲ್ಲಿ ಅಧಿಕಾರಿಯ ಹೆಂಡತಿಯ ಚೀಲ. ಅದರಿಂದ ಒಳ್ಳೆಯ ಸೋಪಿನ ವಾಸನೆ ಬರುತ್ತಿತ್ತು.

ಭಾವ ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು. ಅಲ್ಲಿಗೆ ಬಂದು ಅಧಿಕಾರಿ, ಇಲ್ಲೇನಿತ್ತು ಎಂದು ಕೇಳಿದರು.

"ಇಲ್ಲೂ ಒಂದು ಗೊಂಬೆ ಇತ್ತು ಸಾರ್. ಕಾಲು ಮುರೀತು, ರಿಪೇರಿಗೆ ಹೋಗಿದೆ" ಎಂದ ಛತ್ರಿ.

"ಹಳೇದನ್ನ ಯಾಕ್ರೀ ರಿಪೇರಿ ಮಾಡಿಸ್ತೀರ. ಬಿಸಾಕಿ ಹೊಸದು ತರ್ಸಿ" ಎಂದರು ಅಧಿಕಾರಿ.

ಕೂಗಬೇಕೆನಿಸಿತು, ಬಾಯಿ ಬರಲಿಲ್ಲ. ಕಾಲು ಬಂತು. ನಡೆದೆ. ಕೈಯಲ್ಲಿದ್ದ ಚೀಲವನ್ನು ಆಕೆಯ ಮುಂದೆ ಹಿಡಿದು, "ಹಿಡ್ಕೊಳ್ಳಿ ತಾಯಿ, ನನಗೆ ಕೆಲಸ ಇದೆ" ಎಂದೆ. ಆಕೆ ಚೀಲ ತೆಗೆದುಕೊಳ್ಳುವಾಗ ಬೆರಳು ನನ್ನ ಕೈಗೆ ತಾಕಿತು. ಆಕೆ ಗಂಡನ ಕಡೆ ತಿರುಗಿ, "ರೀ, ಇದರ ಕೈ ಬಿಸಿ ಇದೆ" ಎಂದು ಮೆಲ್ಲಗೆ ಹೇಳಿದರು.

ನಾನು ಬುಟ್ಟಿಯನ್ನು ಗಾಡಿಗೆ ಸುರಿದೆ. ಆ ಸದ್ದು ಸುರಂಗವೆಲ್ಲ ಓಡಾಡಿತು. ಛತ್ರಿ ಕೊಡೆಯನ್ನು ಇನ್ನೂ ಮೇಲೆತ್ತಿ, ಇದು ವಿಶೇಷ ಅತಿಥಿಗಳಿಗೆಂದೇ ಇಟ್ಟ ಐಟಂ, ಗೊಂಬೆಗಳಿಗೆ ಕರೆಂಟ್ ಕೊಟ್ಟಿದ್ದೇವೆ ಎಂದ. ಅಧಿಕಾರಿ ಚಪ್ಪಾಳೆ ತಟ್ಟಿದರು. ಆಗ ಅಜ್ಜನ ಸುತ್ತಿಗೆ ಬಂಡೆಗೆ ಬಿತ್ತು. ಅದರ ಹಿಂದೆ ಇನ್ನೊಂದು. ಸಲಿಕೆಗಳು ಎದ್ದವು. ನಾನು ಮತ್ತೆ ಬುಟ್ಟಿ ತುಂಬಿಸಿದೆ. ಲೋಕದಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಮುಷ್ಕರ ಹೂಡುತ್ತಾರೆ, ನಾವು ಕೆಲಸ ಮಾಡಿ ಹೂಡಬೇಕಾಗಿ ಬಂತು. ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಲಿಸಿ ಎಂದು ಮೇಸ್ತ್ರಿ ಕತ್ತಲಿಂದ ಪಿಸುಗುಟ್ಟುತ್ತಿದ್ದ. ಇಷ್ಟು ವರ್ಷದಲ್ಲಿ ನಾವು ಅಷ್ಟು ಚುರುಕಾಗಿ ದುಡಿದದ್ದನ್ನು ಅವನು ನೋಡಿರಲಿಲ್ಲ.

ಧೂಳೆದ್ದಿತು. ಅಧಿಕಾರಿಗೆ ಕೆಮ್ಮು ಬಂತು. ಐಟಂ ಇನ್ನೂ ಎಷ್ಟು ಹೊತ್ತು ಎಂದು ಕೇಳಿದರು. ಛತ್ರಿ ಕೊಡೆ ಇಳಿಸಿಬಿಟ್ಟಿದ್ದ. ಅಧಿಕಾರಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು. ಚಪ್ಪಾಳೆ ತಟ್ಟಿದ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಅವರು ನಿಂತಿದ್ದದ್ದು ಹಳಿಯ ಮೇಲೆ, ಒಂದು ಬೂಟು ಆಚೆ, ಒಂದು ಬೂಟು ಈಚೆ.

ಗಾಡಿ ತುಂಬಿತು. ನಾನು ಗಾಡಿಯವಳ ಕಡೆ ನೋಡಿದೆ. ಅವಳು ಆವರೆಗೆ ಕಂಬದ ಹಾಗೆ ನಿಂತೇ ಇದ್ದಳು. ನೋಡುತ್ತಿದ್ದ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಗೆ ಭುಜ ಕೊಟ್ಟು ತಳ್ಳಿದಳು. ಚಕ್ರ ಕಿರುಗುಟ್ಟಿ ಉರುಳಿತು. ಅಧಿಕಾರಿ ಅಲುಗಲಿಲ್ಲ.

"ಕಾಲು ತೆಗೀರಿ ಸಾರ್" ಎಂದಳು ಗಾಡಿಯವಳು. "ಮುರಿದ್ರೆ ಹೊಸದು ತರ್ಸಕ್ಕಾಗಲ್ಲ."

ಅವರು ಕಾಲು ತೆಗೆದು ಗೋಡೆಗೆ ಒತ್ತಿ ನಿಂತರು. ಗಾಡಿ ಅವರನ್ನು ದಾಟಿ ಮುಂದೆ ಹೋಯಿತು. ನಾವು ಇನ್ನೊಂದನ್ನು ತುಂಬತೊಡಗಿದೆವು.